ಒಂದೇ ವಿಶ್ವವಿದ್ಯಾಲಯ, ಎರಡು ಪದವಿ: ಮುಂಬೈ, ಪುಣೆ, ಗೋವಾ ಕನ್ನಡಿಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಮಾಟುಂಗ, ಮಾಹಿಮ್ ಕಡೆಯ ಯಾವ ಕನ್ನಡ ಕಾರ್ಯಕ್ರಮಕ್ಕೆ ಹೋದರೂ ಈ ಪ್ರಶ್ನೆ ಕೇಳುವವರು ಸಿಕ್ಕೇ ಸಿಗುತ್ತಾರೆ. "ಮಾರಾಯ್ರೆ, ಮಗಳು ಬಿಕಾಂ ಜೊತೆಗೆ ಬಿಎ ಸೈಕಾಲಜಿನೂ ಮಾಡ್ತೇನೆ ಅಂತಾಳೆ. ಎರಡು ಡಿಗ್ರಿ ಒಟ್ಟಿಗೆ ಮಾಡ್ಲಿಕ್ಕೆ ಆಗ್ತದಾ?"

ಆಗುತ್ತದೆ. 2022ರ ಏಪ್ರಿಲ್‌ನಲ್ಲಿ ಯುಜಿಸಿಯೇ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಎರಡು ಪದವಿ ಮುಗಿಯುತ್ತದೋ ಇಲ್ಲವೋ ಅನ್ನುವುದು ಹುಡುಗಿಯ ಜಾಣತನದ ಮೇಲೆ ನಿಂತಿಲ್ಲ, ಟೈಮ್‌ಟೇಬಲ್ ಮೇಲೆ ನಿಂತಿದೆ. ಮನೆಯಲ್ಲಿ ಎಲ್ಲರೂ ಮಾರ್ಕ್ಸು, ಫೀಸು, ಕಾಲೇಜಿನ ಹೆಸರು ಅಂತ ಚರ್ಚೆ ಮಾಡುತ್ತಾರೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆಕೆ ಯಾವ ಕ್ಲಾಸಿನಲ್ಲಿ ಕೂತಿರುತ್ತಾಳೆ ಅಂತ ಕೇಳುವವರು ಕಡಿಮೆ. ಈ ಬರಹದ ಹೆಚ್ಚಿನ ಭಾಗ ಆ ಪ್ರಶ್ನೆಗೇ ಮೀಸಲು.

ಹೆಜ್ಜೆ 1: ಎರಡನೆಯ ಪದವಿಯಿಂದ ಏನು ಕೆಲಸ ಆಗಬೇಕು?

ಮುಂಬೈ ಕನ್ನಡಿಗರಿಗೆ ದುಪ್ಪಟ್ಟು ದುಡಿದು ಓದುವುದು ಹೊಸದಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮಾಡಿದ ತಲೆಮಾರು ಇಲ್ಲಿದೆ. ಅವರಿಗೆ ಆ ಸರ್ಟಿಫಿಕೇಟ್ ಯಾಕೆ ಬೇಕು ಅನ್ನುವುದು ಸ್ಪಷ್ಟವಾಗಿತ್ತು. ಈಗಿನ ಮಕ್ಕಳಿಗೆ ಆ ಸ್ಪಷ್ಟತೆ ಯಾವಾಗಲೂ ಇರುವುದಿಲ್ಲ. "ಎರಡಿದ್ದರೆ ಒಳ್ಳೇದು ಅಲ್ವಾ" ಅನ್ನುವುದೇ ಕಾರಣವಾಗಿಬಿಡುತ್ತದೆ.

ಎರಡನೆಯ ಪದವಿ ನಿಜಕ್ಕೂ ಬೇಕಾಗುವುದು ಅದು ಒಂದು ಬಾಗಿಲನ್ನು ತೆರೆಯುವಾಗ. ಸೈಕಾಲಜಿಯಲ್ಲಿ ಎಂಎ ಮಾಡುವ ಆಸೆಯಿದ್ದು, ಆ ಎಂಎಗೆ ಸೈಕಾಲಜಿಯಲ್ಲೇ ಪದವಿ ಕೇಳುತ್ತಾರೆ ಅನ್ನೋಣ. ಆಗ ಬಿಎಗೆ ಅರ್ಥವಿದೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಬೇಕು, ನೆಟ್ (ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಬೇಕು ಅಂದರೆ ಕನ್ನಡ ಎಂಎ ಬೇಕು. ಯುಪಿಎಸ್‌ಸಿ ಬರೆಯಲಿಕ್ಕೆ ಅಂದರೆ ಒಂದೇ ಪದವಿ ಸಾಕು, ಎರಡನೆಯದಕ್ಕೆ ಅಲ್ಲಿ ಒಂದು ಅಂಕವೂ ಜಾಸ್ತಿ ಸಿಗುವುದಿಲ್ಲ.

ಸುಮ್ನೆ ಆ ವಿಷಯದ ಮೇಲೆ ಆಸಕ್ತಿ ಇದೆ ಅಂತಾದರೆ ಮೈನರ್ (ಪದವಿಯ ಒಳಗೇ ಓದುವ ಎರಡನೇ ವಿಷಯ) ನೋಡಿ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಮಹಾರಾಷ್ಟ್ರದ ಪದವಿ ಕಾಲೇಜುಗಳಲ್ಲಿ ಮುಖ್ಯ ವಿಷಯವಾದ ಮೇಜರ್ ಜೊತೆಗೆ ಮೈನರ್ ಇದೆ, ಐಚ್ಛಿಕವಾಗಿ ಆರಿಸುವ ಓಪನ್ ಇಲೆಕ್ಟಿವ್ ಇದೆ. ಓಪನ್ ಇಲೆಕ್ಟಿವ್ ಅನ್ನು ಬೇರೆ ಫ್ಯಾಕಲ್ಟಿಯಿಂದಲೇ ಆರಿಸಬೇಕು ಅನ್ನುವುದು ನಿಯಮ. ಕಾಮರ್ಸ್ ಹುಡುಗ ಕಲಾ ವಿಭಾಗದ ವಿಷಯ ಓದುವುದು ಈಗ ಪದವಿಯ ಒಳಗೇ ನಡೆಯುತ್ತದೆ. ಇದು ಅಂಕಪಟ್ಟಿಯಲ್ಲೂ ಬರುತ್ತದೆ. ಇನ್ನೊಂದು ಫೀಸಿಲ್ಲ, ಇನ್ನೊಂದು ಪರೀಕ್ಷಾ ವೇಳಾಪಟ್ಟಿಯ ತಲೆನೋವಿಲ್ಲ. ನನ್ನನ್ನು ಕೇಳಿದರೆ, ಎರಡು ಡಿಗ್ರಿ ಅಂತ ಹೊರಟ ಅರ್ಧದಷ್ಟು ಜನರಿಗೆ ಒಳ್ಳೆಯ ಮೈನರ್ ಒಂದು ಸಾಕಿತ್ತು.

ಹೆಜ್ಜೆ 2: ಯಾವ ದಾರಿ ಅಂತ ಗುರುತಿಸಿಕೊಳ್ಳಿ

"ಡ್ಯುಯಲ್ ಡಿಗ್ರಿ" ಅಂತ ಎಲ್ಲರೂ ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಬೇರೆ ಬೇರೆ ದಾರಿಗಳಿವೆ. ನಿಯಮವೂ ಬೇರೆ ಬೇರೆ.

ಎಲ್ಲಕ್ಕಿಂತ ಸಲೀಸಾದದ್ದು ಮೊದಲೇ ಜೋಡಿಸಿಟ್ಟ ಪದವಿ. ಒಂದೇ ಅಡ್ಮಿಷನ್, ಒಂದೇ ಟೈಮ್‌ಟೇಬಲ್. ಮುಂಬೈ ವಿಶ್ವವಿದ್ಯಾಲಯದ ಐದು ವರ್ಷದ ಬಿಎಲ್‌ಎಸ್‌ ಎಲ್‌ಎಲ್‌ಬಿ ಇಂಥದ್ದು. ಪುಣೆಯ ಪಾಷಾಣ್‌ನಲ್ಲಿರುವ ವಿಜ್ಞಾನ ಶಿಕ್ಷಣ ಸಂಸ್ಥೆ ಐಸರ್‌ನ ಬಿಎಸ್‌–ಎಂಎಸ್‌ ಇನ್ನೊಂದು. ಅಲ್ಲಿ ವಿಜ್ಞಾನದ ಬೇರೆ ಬೇರೆ ವಿಭಾಗಗಳ ಪಾಠ ಮೊದಲು ಎಲ್ಲರಿಗೂ ಇರುತ್ತದೆ, ಆಮೇಲೆ ವಿದ್ಯಾರ್ಥಿ ತನ್ನ ವಿಷಯದ ಕಡೆ ಹೊರಳುತ್ತಾನೆ.

ಎರಡನೆಯದು ಸೇರಿದ ಮೇಲೆ ಎರಡನೇ ವಿಭಾಗವನ್ನು ಸೇರಿಸಿಕೊಳ್ಳುವ ದಾರಿ. ನಿಜವಾದ ಅರ್ಥದಲ್ಲಿ ಬೇರೆ ಬೇರೆ ವಿಭಾಗಗಳ ಎರಡು ಪದವಿ ಅಂದರೆ ಇದೇ. ಗೋವಾದ ಜುವಾರಿನಗರದ ಬಿಟ್ಸ್‌ ಕ್ಯಾಂಪಸ್‌ ಇದಕ್ಕೆ ಹೆಸರುವಾಸಿ. 2004ರಲ್ಲಿ ಶುರುವಾದ ಈ ಕ್ಯಾಂಪಸ್ಸಿನ ಹೊರಗೆ ಕಾಲಿಟ್ಟರೆ ಸಾಕು, ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ವಾಸ್ಕೊ, ಜುವಾರಿನಗರದಲ್ಲಿ ನೆಲೆಸಿದ ನಮ್ಮವರು ಅಷ್ಟೊಂದು ಜನ. ಒಳಗೆ ಸಿಗುವ ವ್ಯವಸ್ಥೆ ಹೀಗಿದೆ. ಬಿಟ್ಸ್‌ನ ಪ್ರವೇಶ ಪರೀಕ್ಷೆ ಬಿಟ್‌ಸ್ಯಾಟ್ ಬರೆದು ಎಂಎಸ್‌ಸಿ ಅರ್ಥಶಾಸ್ತ್ರ, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಅಥವಾ ಜೀವವಿಜ್ಞಾನಕ್ಕೆ ಸೇರುತ್ತೀರಿ. ಮೊದಲ ವರ್ಷದ ಸಿಜಿಪಿಎ (ಗ್ರೇಡುಗಳ ಸರಾಸರಿ) ನೋಡಿ ನಿಮಗೊಂದು ಬಿಇ ಶಾಖೆ ಹಂಚುತ್ತಾರೆ. ಎರಡನೇ ವರ್ಷ ಹೆಚ್ಚಾಗಿ ಎಂಎಸ್‌ಸಿ ಪಾಠ. ಮುಂದೆ ಬಿಇ ವಿಷಯಗಳು ಸೇರಿಕೊಳ್ಳುತ್ತವೆ. ಒಟ್ಟು ಐದು ವರ್ಷ, ಎರಡು ಪದವಿ.

ಇಲ್ಲಿ ಒಂದು ಎಚ್ಚರಿಕೆ. ಕಂಪ್ಯೂಟರ್ ಸೈನ್ಸ್ ಸಿಕ್ಕೇ ಸಿಗುತ್ತದೆ ಅಂತ ನಂಬಿ ರಸಾಯನಶಾಸ್ತ್ರಕ್ಕೆ ಸೇರುವವರು ಬಹಳ. ಸಿಗದಿದ್ದರೆ? ರಸಾಯನಶಾಸ್ತ್ರ ಹೇಗೂ ಓದಲೇಬೇಕು. ಕೆಮಿಸ್ಟ್ರಿ ಲ್ಯಾಬ್ ಅಂದರೆ ಆಗದ ಹುಡುಗ ಅದನ್ನು ಬರೀ ಏಣಿಯ ಮೆಟ್ಟಿಲು ಅಂದುಕೊಂಡು ಸೇರಿದರೆ ನಡುವಿನ ಎರಡು ವರ್ಷ ಒದ್ದಾಡಬೇಕಾಗುತ್ತದೆ. ಮೊದಲು ಸೇರುವ ಎಂಎಸ್‌ಸಿ ನಿಮಗೆ ಇಷ್ಟದ್ದೇ ಆಗಿರಲಿ. ಅರ್ಥಶಾಸ್ತ್ರ ಅಥವಾ ಗಣಿತದ ಜೊತೆ ಎಂಜಿನಿಯರಿಂಗ್ ಸೇರಿಸಿಕೊಂಡವರು ಎರಡನ್ನೂ ಒಂದೇ ಕೆಲಸದಲ್ಲಿ ಬಳಸಿಕೊಳ್ಳಬಹುದು. ಬ್ಯಾಂಕು, ಹಣಕಾಸು, ಡೇಟಾ ಕಡೆ ಹೋಗುವವರಿಗೆ ಆ ಜೋಡಿ ಸಹಜ.

ಪವೈಯ ಐಐಟಿ ಬಾಂಬೆಯಲ್ಲಿ ಇನ್ನೊಂದು ಬಗೆ. ಬಿಟೆಕ್ ಒಂದು ವಿಭಾಗದಲ್ಲಿ ಓದುತ್ತಿರುವಾಗ, ಮೂರನೇ ವರ್ಷದ ಹೊತ್ತಿಗೆ ಬೇರೆ ವಿಭಾಗದ ಎಂಟೆಕ್‌ಗೆ ಅರ್ಜಿ ಹಾಕಬಹುದು. ಅಂತರ್‌ವಿಭಾಗೀಯ ಡ್ಯುಯಲ್ ಡಿಗ್ರಿ ಅಂತ ಇದಕ್ಕೆ ಹೆಸರು. ಮೆಕ್ಯಾನಿಕಲ್ ಬಿಟೆಕ್, ಜೊತೆಗೆ ಕೃತಕ ಬುದ್ಧಿಮತ್ತೆ ಮತ್ತು ಡೇಟಾ ಸೈನ್ಸ್ ಎಂಟೆಕ್, ಹೀಗೆ. ಇಲ್ಲೂ ಐದು ವರ್ಷ, ಇಲ್ಲೂ ಗ್ರೇಡ್ ಮುಖ್ಯ. ಆಯ್ಕೆ ಮಾಡುವುದು ಎರಡನೇ ವಿಭಾಗ. ಹಾಗಾಗಿ ಎರಡನೇ ವರ್ಷದಲ್ಲೇ ಆ ವಿಭಾಗದ ಒಂದೆರಡು ಕೋರ್ಸ್ ತಗೊಂಡು ಚೆನ್ನಾಗಿ ಮಾಡಿ ತೋರಿಸುವುದು ಜಾಣತನ.

ಮೂರನೆಯದು ಎರಡು ಪ್ರತ್ಯೇಕ ಪದವಿ, ಎರಡು ಪ್ರತ್ಯೇಕ ಅಡ್ಮಿಷನ್. ನಾಲ್ಕನೆಯದು ಒಂದಕ್ಕೆ ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರ ಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಓದುವುದು. ಮುಂದಿನ ಹೆಜ್ಜೆಗಳು ಹೆಚ್ಚಾಗಿ ಈ ಎರಡು ದಾರಿ ಹಿಡಿಯುವವರಿಗೆ.

ಹೆಜ್ಜೆ 3: ಯುಜಿಸಿ ಹೇಳಿದ್ದೇನು, ಹೇಳದೇ ಇದ್ದದ್ದೇನು

2022ರ ಮಾರ್ಗಸೂಚಿಯ ಪ್ರಕಾರ ಎರಡು ಪೂರ್ಣಾವಧಿ ಕೋರ್ಸುಗಳನ್ನು ಕಾಲೇಜಿಗೆ ಹೋಗಿಯೇ ಮಾಡಬಹುದು, ಒಂದರ ತರಗತಿಯ ಸಮಯ ಇನ್ನೊಂದರ ಮೇಲೆ ಬೀಳಬಾರದು ಅಷ್ಟೆ. ಒಂದು ಕಾಲೇಜಿನಲ್ಲಿ, ಇನ್ನೊಂದು ದೂರ ಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಮಾಡಬಹುದು. ಎರಡನ್ನೂ ಆನ್‌ಲೈನ್ ಅಥವಾ ದೂರ ಶಿಕ್ಷಣದಲ್ಲೇ ಮಾಡಬಹುದು. ಪಿಎಚ್‌ಡಿಗೆ ಇದು ಅನ್ವಯಿಸುವುದಿಲ್ಲ. 2022ಕ್ಕೂ ಮೊದಲೇ ಎರಡು ಪದವಿ ಒಟ್ಟಿಗೆ ಮಾಡಿಕೊಂಡವರ ಬಗ್ಗೆ ಗೊಂದಲವಿತ್ತು. ನಿಯಮದ ಪ್ರಕಾರ ಪಡೆದಿದ್ದರೆ ಅವೂ ಮಾನ್ಯ ಅಂತ 2025ರಲ್ಲಿ ಯುಜಿಸಿ ತಿದ್ದುಪಡಿ ಮಾಡಿತು.

ಯುಜಿಸಿ ಒಪ್ಪಿದೆ ಅಂದ ಮಾತ್ರಕ್ಕೆ ನಿಮ್ಮ ಕಾಲೇಜು ಸೀಟು ಕೊಡಲೇಬೇಕು ಅಂತಿಲ್ಲ. ಪ್ರತಿ ವಿಶ್ವವಿದ್ಯಾಲಯವೂ ತನ್ನ ಆಡಳಿತ ಮಂಡಳಿಗಳ ಮೂಲಕ ಇದಕ್ಕೆ ತನ್ನದೇ ವ್ಯವಸ್ಥೆ ಮಾಡಿಕೊಳ್ಳಬೇಕು. ಪತ್ರಿಕೆಯ ಸುದ್ದಿಯನ್ನು ಕತ್ತರಿಸಿ ತಂದು ಕೌಂಟರಿನಲ್ಲಿ ತೋರಿಸಿದರೆ ಪ್ರಯೋಜನವಿಲ್ಲ. ವಿಶ್ವವಿದ್ಯಾಲಯದ ಸುತ್ತೋಲೆ ಬೇಕು.

ಹೆಜ್ಜೆ 4: ಲಾ, ಬಿಎಡ್, ಸಿಎ ಇದ್ದರೆ ಮೊದಲು ಇಲ್ಲಿ ನಿಲ್ಲಿ

ವೃತ್ತಿ ಕೋರ್ಸುಗಳಿಗೆ ಯುಜಿಸಿಯ ಜೊತೆಗೆ ಇನ್ನೊಬ್ಬ ಯಜಮಾನ ಇರುತ್ತಾನೆ. ಅವನ ಮಾತು ನಡೆಯುತ್ತದೆ.

ಎಲ್‌ಎಲ್‌ಬಿ ಜೊತೆಗೆ ಎಂಕಾಂ ಅಥವಾ ಎಂಎ ಮಾಡುವ ಆಸೆ ಮುಂಬೈ, ಪುಣೆಯಲ್ಲಿ ತುಂಬ ಸಾಮಾನ್ಯ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಆರನೇ ನಿಯಮವೇ ಇದರ ಬಗ್ಗೆ ಇದೆ. ಕಾನೂನು ಪದವಿಗೆ ಸೇರಿದವರು ಅದೇ ಸಮಯಕ್ಕೆ ಇನ್ನೊಂದು ರೆಗ್ಯುಲರ್ ಪದವಿಗೆ ಸೇರುವ ಹಾಗಿಲ್ಲ. ಅದೇ ವಿಶ್ವವಿದ್ಯಾಲಯದಲ್ಲೂ ಇಲ್ಲ, ಬೇರೆ ಕಡೆಯೂ ಇಲ್ಲ. ಒಂದೇ ಸಂಸ್ಥೆಯ ಐದು ವರ್ಷದ ಜೋಡಿ ಪದವಿಗೆ ವಿನಾಯಿತಿ ಇದೆ. ಭಾಷೆ ಅಥವಾ ಕಂಪ್ಯೂಟರಿನ ಸಣ್ಣ ಅರೆಕಾಲಿಕ ಸರ್ಟಿಫಿಕೇಟ್ ಕೋರ್ಸಿಗೆ, ವಿಶ್ವವಿದ್ಯಾಲಯದ ದೂರ ಶಿಕ್ಷಣ ಕೇಂದ್ರದ ಕೋರ್ಸಿಗೂ ಇದೆ. ಅಂದರೆ ಎಲ್‌ಎಲ್‌ಬಿ ಮಾಡುತ್ತ ಎಂಎ ಬೇಕು ಅಂದರೆ ದೂರ ಶಿಕ್ಷಣವೇ ದಾರಿ.

"ಯಾರು ನೋಡ್ತಾರೆ ಬಿಡಿ" ಅನ್ನುವವರಿದ್ದಾರೆ. ನೋಡುತ್ತಾರೆ. ಒಟ್ಟಿಗೆ ಬೇರೆ ಪದವಿ ಮಾಡುತ್ತಿದ್ದೀರಾ, ಕೆಲಸದಲ್ಲಿದ್ದೀರಾ, ಹಾಜರಾತಿ ಸರಿ ಇದೆಯಾ ಅಂತ ವಿದ್ಯಾರ್ಥಿಗಳಿಂದ ಘೋಷಣೆ ಬರೆಸಿಕೊಳ್ಳಬೇಕು ಎಂದು 2024ರ ಸೆಪ್ಟೆಂಬರಿನಲ್ಲಿ ಬಾರ್ ಕೌನ್ಸಿಲ್ ಕಾಲೇಜುಗಳಿಗೆ ಸುತ್ತೋಲೆ ಕಳಿಸಿದೆ. ಐದು ವರ್ಷ ಓದಿ, ವಕೀಲಿಕೆಯ ಸನದು ಪಡೆಯುವ ಹೊತ್ತಿಗೆ ಸುಳ್ಳು ಘೋಷಣೆ ಎದುರಿಗೆ ಬಂದರೆ ಯಾವ ಪದವಿಯೂ ಕೈ ಹಿಡಿಯುವುದಿಲ್ಲ.

ಬಿಎಡ್‌ಗೆ ಶಿಕ್ಷಕರ ಶಿಕ್ಷಣದ ಮಂಡಳಿ ಎನ್‌ಸಿಟಿಇ ನಿಯಮದಂತೆ ಪಾಠಕ್ಕೆ 80%, ಶಾಲಾ ಇಂಟರ್ನ್‌ಶಿಪ್‌ಗೆ 90% ಹಾಜರಾತಿ ಬೇಕು. ಅದರ ಜೊತೆ ಇನ್ನೊಂದು ರೆಗ್ಯುಲರ್ ಎಂಎ ಹೊಂದಿಸುವುದು ಕಷ್ಟ. ಸಿಎ ಪದವಿ ಅಲ್ಲ, ಹಾಗಾಗಿ ಅದಕ್ಕೂ ಬಿಕಾಂಗೂ ಜಗಳವಿಲ್ಲ. ಮುಂಬೈನ ಕಾಮರ್ಸ್ ಕಾಲೇಜುಗಳಲ್ಲಿ ಬೆಳಿಗ್ಗೆ ಏಳಕ್ಕೇ ಲೆಕ್ಚರ್ ಇರುವುದು ಆರ್ಟಿಕಲ್‌ಶಿಪ್ (ಸಿಎ ಕಚೇರಿಯ ತರಬೇತಿ) ಮಾಡುವ ಮಕ್ಕಳಿಗೆ ಎಷ್ಟೋ ಅನುಕೂಲ. ಆದರೆ ಆರ್ಟಿಕಲ್‌ಶಿಪ್ ವೇಳೆ ಬೇರೆ ಕೋರ್ಸ್ ಓದಲು ಸಿಎಗಳ ಸಂಸ್ಥೆ ಐಸಿಎಐಯಿಂದ ಫಾರಂ 112ರಲ್ಲಿ ಅನುಮತಿ ತಗೊಳ್ಳಬೇಕು. ಇದನ್ನು ಮರೆಯುವವರು ಜಾಸ್ತಿ.

ಹೆಜ್ಜೆ 5: ಎರಡು ಟೈಮ್‌ಟೇಬಲ್, ಒಂದು ಹಾಳೆ

ಈಗ ನಿಜವಾದ ಕೆಲಸ. ದೊಡ್ಡ ಹಾಳೆ ತಗೊಳ್ಳಿ. ಸೋಮವಾರದಿಂದ ಶನಿವಾರದವರೆಗೆ ಆರು ಗೆರೆ, ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗಳ ಮನೆ. ಎರಡೂ ವಿಭಾಗದ ಹೋದ ವರ್ಷದ ಟೈಮ್‌ಟೇಬಲ್ ತನ್ನಿ. ವಿಭಾಗದ ನೋಟಿಸ್ ಬೋರ್ಡಿನ ಫೋಟೊ ಸಾಕು, ಸೀನಿಯರ್‌ಗಳ ವಾಟ್ಸಾಪ್‌ನಲ್ಲೂ ಇರುತ್ತದೆ. ಒಂದನ್ನು ನೀಲಿಯಲ್ಲಿ, ಇನ್ನೊಂದನ್ನು ಕೆಂಪಿನಲ್ಲಿ ತುಂಬಿ.

ಒಂದು ಉದಾಹರಣೆ ಹಾಕಿ ನೋಡೋಣ. ಡೊಂಬಿವಲಿಯ ಹುಡುಗಿ. ಕಲೀನಾದ ವಿದ್ಯಾನಗರಿ ಕ್ಯಾಂಪಸ್ಸಿನಲ್ಲಿ ಒಂದು ಎಂಎಸ್‌ಸಿ, ಅದೇ ಕ್ಯಾಂಪಸ್ಸಿನ ಕನ್ನಡ ವಿಭಾಗದಲ್ಲಿ ಎಂಎ, ಎರಡೂ ಮಾಡುವ ಆಸೆ. ಕ್ಯಾಂಪಸ್ ಒಂದೇ, ಆದ್ದರಿಂದ ಕೇಳುವಾಗ ಸುಲಭ ಅನಿಸುತ್ತದೆ. ಲೆಕ್ಕ ಹಾಕಿ. ಸೆಮಿಸ್ಟರಿಗೆ 22 ಕ್ರೆಡಿಟ್ ಅಂತ ಇಟ್ಟುಕೊಳ್ಳಿ. ಥಿಯರಿಯಲ್ಲಿ ಒಂದು ಕ್ರೆಡಿಟ್ ಅಂದರೆ 15 ಗಂಟೆ ಪಾಠ, ಅಂದರೆ ಹದಿನೈದು ವಾರದ ಸೆಮಿಸ್ಟರಿನಲ್ಲಿ ವಾರಕ್ಕೊಂದು ಗಂಟೆ. ಪ್ರಾಕ್ಟಿಕಲ್‌ಗೆ ಅದರ ದುಪ್ಪಟ್ಟು. ಎಂಎಗೆ ವಾರಕ್ಕೆ 22 ಗಂಟೆ. ಎಂಎಸ್‌ಸಿಯಲ್ಲಿ 8 ಕ್ರೆಡಿಟ್ ಪ್ರಾಕ್ಟಿಕಲ್ ಇದ್ದರೆ 14 ಗಂಟೆ ಥಿಯರಿ, 16 ಗಂಟೆ ಲ್ಯಾಬ್, ಒಟ್ಟು 30. ಎರಡೂ ಸೇರಿ ವಾರಕ್ಕೆ 52 ಗಂಟೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಎಂಟೂವರೆ ಗಂಟೆಗಿಂತ ಜಾಸ್ತಿ ಕ್ಲಾಸಿನಲ್ಲೇ. ಡೊಂಬಿವಲಿಯಿಂದ ಕುರ್ಲಾಕ್ಕೆ ಲೋಕಲ್, ಅಲ್ಲಿಂದ ರಿಕ್ಷಾ, ಹೋಗಿ ಬರಲಿಕ್ಕೆ ಮೂರು ಗಂಟೆ. ಓದಲಿಕ್ಕೆ ಯಾವಾಗ ಕೂರುವುದು? ಲೋಕಲ್‌ನಲ್ಲಿ ನಾಲ್ಕನೇ ಸೀಟಿನ ಅಂಚಿನಲ್ಲಾ?

ಇಷ್ಟೂ ಗಂಟೆಗಳು ಒಂದರ ಮೇಲೊಂದು ಬೀಳದೆ ಇದ್ದರೆ ಮಾತ್ರ ಈ ಲೆಕ್ಕ. ಎಂಎ ಪಾಠ, ಎಂಎಸ್‌ಸಿ ಪಾಠ ಎರಡೂ ಹಗಲು ಹೊತ್ತಿನಲ್ಲೇ ಇದ್ದರೆ ಬಿದ್ದೇ ಬೀಳುತ್ತವೆ. ಹೊಂದುವುದು ಬೆಳಗಿನ ಪಾಳಿ ಮತ್ತು ಸಂಜೆ ಪಾಳಿ ಜೋಡಿ ಸಿಕ್ಕಾಗ. ಲ್ಯಾಬ್ ಇರುವ ಎರಡು ಕೋರ್ಸ್ ಒಟ್ಟಿಗೆ ಬೇಡವೇ ಬೇಡ. ಒಂದರಲ್ಲಿ ಲ್ಯಾಬ್ ಇದ್ದರೆ ಇನ್ನೊಂದು ಪೂರ್ತಿ ಥಿಯರಿಯದ್ದಾಗಿರಲಿ.

ಹಾಳೆಯಲ್ಲಿ ನೀಲಿ, ಕೆಂಪು ಸೇರಿಕೊಂಡ ಮನೆಗಳನ್ನು ಎಣಿಸಿ. ಹಾಜರಾತಿ 75% ಅಂದರೆ ನಾಲ್ಕರಲ್ಲಿ ಒಂದು ಪಾಠ ತಪ್ಪಿಸಬಹುದು ಅಂತ ಕೆಲವರು ಲೆಕ್ಕ ಹಾಕುತ್ತಾರೆ. ಆ ನಾಲ್ಕನೆಯ ಒಂದನ್ನು ಜ್ವರಕ್ಕೆ, ಊರಿನ ಮದುವೆಗೆ, ಮಳೆಗಾಲದಲ್ಲಿ ಹಳಿ ಮೇಲೆ ನೀರು ನಿಂತು ಲೋಕಲ್ ಬಂದ್ ಆಗುವ ದಿನಕ್ಕೆ ಇಟ್ಟುಕೊಳ್ಳಬೇಕು. ಅದನ್ನು ಮೊದಲೇ ಖರ್ಚು ಮಾಡಬೇಡಿ.

ಇನ್ನು ಪರೀಕ್ಷೆ. ಯುಜಿಸಿ ಮಾರ್ಗಸೂಚಿಯಲ್ಲಿ ತರಗತಿ ಸಮಯದ ಮಾತಿದೆ, ಎಲ್ಲರ ಗಮನವೂ ಅಲ್ಲೇ ಇರುತ್ತದೆ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳ ಸೆಮಿಸ್ಟರ್ ಪರೀಕ್ಷೆ ಒಂದೇ ವಾರಗಳಲ್ಲಿ ಬರುವುದು ಸಹಜ. ನಿಮ್ಮೊಬ್ಬರಿಗಾಗಿ ಪರೀಕ್ಷಾ ವಿಭಾಗ ದಿನಾಂಕ ಬದಲಿಸುವುದಿಲ್ಲ. ಹಿಂದಿನ ಎರಡು ವರ್ಷದ ಪರೀಕ್ಷಾ ವೇಳಾಪಟ್ಟಿ ವೆಬ್‌ಸೈಟಿನಲ್ಲಿ ಸಿಗುತ್ತದೆ, ಇಳಿಸಿಕೊಂಡು ಅಕ್ಕಪಕ್ಕ ಇಟ್ಟು ನೋಡಿ. ಒಂದೇ ದಿನ, ಒಂದೇ ಹೊತ್ತಿಗೆ ಎರಡು ಪೇಪರ್ ಬಿದ್ದಿದ್ದರೆ ಒಂದರಲ್ಲಿ ಕೆಟಿ (ಮುಂದೆ ಮತ್ತೆ ಬರೆಯಬೇಕಾದ ಪೇಪರ್) ಗ್ಯಾರಂಟಿ ಅಂದುಕೊಂಡೇ ಮುಂದುವರಿಯಬೇಕು.

ಹೆಜ್ಜೆ 6: ಒಪ್ಪಿಗೆ ಕಾಗದದಲ್ಲಿ ಇರಲಿ

ಕೌಂಟರಿನಲ್ಲಿ ಕೇಳಿದರೆ ಒಬ್ಬರು "ಚಾಲತೆ" (ನಡೆಯುತ್ತದೆ) ಅನ್ನುತ್ತಾರೆ, ಇನ್ನೊಬ್ಬರು "ಉದ್ಯಾ ಯಾ" (ನಾಳೆ ಬನ್ನಿ) ಅನ್ನುತ್ತಾರೆ. ಎರಡೂ ಉತ್ತರ ಅಲ್ಲ. ಎರಡೂ ವಿಭಾಗದ ಮುಖ್ಯಸ್ಥರಿಗೆ, ಪ್ರತಿಯನ್ನು ಕುಲಸಚಿವರ ಕಚೇರಿಗೆ, ಅರ್ಜಿ ಬರೆಯಿರಿ. ಅರ್ಜಿ ಚಿಕ್ಕದಿರಲಿ. ಯಾವ ಎರಡು ಕೋರ್ಸ್, ತರಗತಿ ಸಮಯ ಹೊಂದುತ್ತದೆ ಅನ್ನುವುದಕ್ಕೆ ನಿಮ್ಮ ಹಾಳೆಯ ಪ್ರತಿ, 2022ರ ಮಾರ್ಗಸೂಚಿಯ ಉಲ್ಲೇಖ. ಕೇಳಬೇಕಾದ ಪ್ರಶ್ನೆಗಳು: ಎರಡನೇ ಪ್ರವೇಶಕ್ಕೆ ಪ್ರತ್ಯೇಕ ಪಿಆರ್‌ಎನ್‌ (ಕಾಯಂ ನೋಂದಣಿ) ನಂಬರ್ ಕೊಡುತ್ತೀರಾ ಅಥವಾ ಒಂದೇ ನಡೆಯುತ್ತದಾ? ಪರೀಕ್ಷೆ ಒಂದೇ ಹೊತ್ತಿಗೆ ಬಂದರೆ ಏನು ಮಾಡುತ್ತೀರಿ? ಒಂದು ಕಡೆ ಓದಿದ ಇಲೆಕ್ಟಿವ್‌ನ ಕ್ರೆಡಿಟ್ ಇನ್ನೊಂದು ಕಡೆ ಲೆಕ್ಕಕ್ಕೆ ಬರುತ್ತದಾ? ಅರ್ಜಿ ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಅರ್ಜಿ ತಲುಪಿತು ಅನ್ನುವ ಆವಕ ಸೀಲು, ತಾರೀಖು ಹಾಕಿಸಿಕೊಳ್ಳಿ.

ಎಲ್‌ಸಿ ವಿಷಯದಲ್ಲಿ ಜನ ಸಿಕ್ಕಿಬೀಳುತ್ತಾರೆ. ಜೂನಿಯರ್ ಕಾಲೇಜು ಕೊಡುವುದು ಒಂದೇ ಅಸಲಿ ಲೀವಿಂಗ್ ಸರ್ಟಿಫಿಕೇಟ್, ಕೇಳುವುದು ಎರಡೂ ಕಡೆ. ಅಸಲಿ ದಾಖಲೆಗಳನ್ನು ನೋಡಿ, ತಾಳೆ ಹಾಕಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ 2018ರಲ್ಲೇ ಯುಜಿಸಿ ಹೇಳಿದೆ. ಅದನ್ನು ಸೌಜನ್ಯದಿಂದ ನೆನಪಿಸಿ. ಎಲ್‌ಸಿಯಲ್ಲಿ ಮಾತೃಭಾಷೆ ಕನ್ನಡ ಅಂತ ನಮೂದಾಗಿದೆಯಾ ಅಂತಲೂ ನೋಡಿಕೊಳ್ಳಿ. ಕನ್ನಡ ಭಾಷಾ ಅಲ್ಪಸಂಖ್ಯಾತ ಸಂಸ್ಥೆ ಅಂತ ಮಾನ್ಯತೆ ಪಡೆದ ಕಾಲೇಜಿನ ಮೀಸಲು ಸೀಟಿಗೆ ಅರ್ಜಿ ಹಾಕುವಾಗ ಅದು ಬೇಕಾಗುತ್ತದೆ.

ಎಬಿಸಿ ಐಡಿ ಒಂದೇ ಇರಲಿ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ 2021ರಲ್ಲಿ ಶುರುವಾದ ಈ ಖಾತೆ ಡಿಜಿಲಾಕರ್ ಮೂಲಕ ತೆರೆಯುತ್ತದೆ. ಎರಡೂ ಪದವಿಯ ಕ್ರೆಡಿಟ್ ಅದೇ ಖಾತೆಗೆ ಬರಬೇಕು. ಆಧಾರ್, ಹತ್ತನೇ ಅಂಕಪಟ್ಟಿ, ಎಲ್‌ಸಿ ಮೂರರಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇದೆಯಾ ನೋಡಿ. ನಮ್ಮಲ್ಲಿ ಊರ ಹೆಸರು, ಮನೆತನದ ಹೆಸರು, ಮಹಾರಾಷ್ಟ್ರದ ಪದ್ಧತಿಯಂತೆ ನಡುವೆ ಅಪ್ಪನ ಹೆಸರು ಎಲ್ಲ ಹಿಂದೆ ಮುಂದೆ ಆಗಿರುವುದೇ ಹೆಚ್ಚು.

ಹೆಜ್ಜೆ 7: ಒಂದು ಕಾಲೇಜಿನಲ್ಲಿ, ಒಂದು ಮನೆಯಲ್ಲಿ

ಟೈಮ್‌ಟೇಬಲ್ ಹೊಂದಲಿಲ್ಲವೇ? ನಿರಾಶೆ ಬೇಡ. ನನ್ನ ಲೆಕ್ಕದಲ್ಲಿ ಬಹಳ ಮಕ್ಕಳಿಗೆ ಇದೇ ಸರಿಯಾದ ದಾರಿ. ಮುಂಬೈ ವಿಶ್ವವಿದ್ಯಾಲಯದ ದೂರ ಮತ್ತು ಆನ್‌ಲೈನ್ ಶಿಕ್ಷಣ ಕೇಂದ್ರ ಕಲೀನಾದಲ್ಲೇ ಇದೆ. ಹಳಬರು ಈಗಲೂ ಐಡಾಲ್ ಅಂತಲೇ ಕರೆಯುತ್ತಾರೆ. ಪದವಿ ಅದೇ ವಿಶ್ವವಿದ್ಯಾಲಯದ್ದು. ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೊಗೆ ಮುಂಬೈ, ಪುಣೆ, ಪಣಜಿ ಮೂರೂ ಕಡೆ ಪ್ರಾದೇಶಿಕ ಕೇಂದ್ರವಿದೆ. ಎಂಜಿನಿಯರಿಂಗ್, ಕಾಮರ್ಸ್ ಮಕ್ಕಳು ಈಗ ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಕಡೆ ಹೊರಳುತ್ತಿದ್ದಾರೆ. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಅದರಲ್ಲಿ ಫೌಂಡೇಷನ್ ಹಂತ ಮುಗಿಸಿ ಸರ್ಟಿಫಿಕೇಟ್ ತಗೊಂಡು ಹೊರಬರುವ ಅವಕಾಶವೂ ಇದೆ. ಎರಡು ಪದವಿಯ ಭಾರ ತಡೆಯುತ್ತದೋ ಇಲ್ಲವೋ ಪರೀಕ್ಷಿಸಲು ಒಳ್ಳೆಯ ಉಪಾಯ.

ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂಎ ಮಾಡಬಹುದಾ ಅಂತ ಪುಣೆ, ಗೋವಾದವರು ಕೇಳುತ್ತಾರೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ದೂರ ಶಿಕ್ಷಣ ಆ ರಾಜ್ಯದ ಗಡಿಯೊಳಗೆ ಮಾತ್ರ. ಆನ್‌ಲೈನ್ ಪದವಿಗೆ ಆ ಗಡಿ ಇಲ್ಲ. ಆದ್ದರಿಂದ ನೀವು ಸೇರುತ್ತಿರುವುದು ಯಾವ ವಿಧಾನ ಅಂತ ಖಚಿತ ಮಾಡಿಕೊಳ್ಳಿ. ಯಾವುದೇ ದೂರ ಅಥವಾ ಆನ್‌ಲೈನ್ ಕೋರ್ಸಿಗೂ ಯುಜಿಸಿಯ ದೂರ ಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವರ್ಷದ ಮಾನ್ಯತೆ ನೋಡಬೇಕು, ಅಲ್ಲೇ ಆ ವಿಭಾಗದ ಗುರುತಿನ ಸಂಖ್ಯೆ, ಡೆಬ್ ಐಡಿ ಮಾಡಿಸಬೇಕು. ಅದಕ್ಕೆ ಎಬಿಸಿ ಐಡಿ ಬೇಕು. ಎಂಜಿನಿಯರಿಂಗ್, ಕಾನೂನು, ನರ್ಸಿಂಗ್, ಫಾರ್ಮಸಿ ಪದವಿಗಳನ್ನು ದೂರ ಶಿಕ್ಷಣದಲ್ಲಿ ಕೊಡುತ್ತೇವೆ ಅನ್ನುವವರು ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ.

ಹೆಜ್ಜೆ 8: ದುಡ್ಡು, ಮತ್ತು ಬಿಡುವ ದಿನ

ಎರಡು ಫೀಸಿನ ಜೊತೆಗೆ ಎರಡು ಪರೀಕ್ಷಾ ಶುಲ್ಕ, ಐದು ವರ್ಷದ ಕೋರ್ಸಾದರೆ ಒಂದು ವರ್ಷ ತಡವಾಗಿ ಬರುವ ಸಂಬಳ, ಇವೂ ಖರ್ಚೇ. ವಿದ್ಯಾರ್ಥಿವೇತನ ಎರಡೂ ಕೋರ್ಸಿಗೆ ಸಿಗುತ್ತದೆ ಅಂತ ಬಜೆಟ್ ಹಾಕಬೇಡಿ, ಒಂದಕ್ಕೇ ಅಂತ ಇಟ್ಟುಕೊಳ್ಳಿ. ರೈಲ್ವೆ ಕನ್ಸೆಷನ್ ಪಾಸು ಮನೆಯ ಸ್ಟೇಷನ್ನಿನಿಂದ ಕಾಲೇಜಿನ ಸ್ಟೇಷನ್ನಿಗೆ. ಎರಡು ಕಾಲೇಜು ಎರಡು ದಿಕ್ಕಿನಲ್ಲಿದ್ದರೆ ದೂರದ ಕಾಲೇಜಿನಿಂದ ಫಾರಂ ತಗೊಳ್ಳುವುದು ಲಾಭ.

ಸೇರುವಾಗಲೇ ಬಿಡುವ ದಿನವನ್ನೂ ಗುರುತು ಹಾಕಿಡಿ. ಯುಜಿಸಿಯ 2018ರ ಫೀಸ್ ವಾಪಸಾತಿ ನಿಯಮದಂತೆ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲು ಬಿಟ್ಟರೆ ಪೂರ್ತಿ ಫೀಸು ವಾಪಸ್ (ಸಣ್ಣ ಸಂಸ್ಕರಣಾ ಶುಲ್ಕ ಕಳೆದು). 15 ದಿನದೊಳಗೆ ಬಿಟ್ಟರೆ 90%. ಕೊನೆಯ ದಿನ ದಾಟಿ 15 ದಿನದವರೆಗೆ 80%, 30 ದಿನದವರೆಗೆ 50%. ಆಮೇಲೆ ಏನೂ ಇಲ್ಲ. ಎರಡನೆಯ ಕೋರ್ಸು ತಡೆಯುತ್ತದೋ ಇಲ್ಲವೋ ಅನ್ನುವುದು ಮೊದಲ ಎರಡು ಮೂರು ವಾರದಲ್ಲೇ ಗೊತ್ತಾಗುತ್ತದೆ. ಆಗಲೇ ತೀರ್ಮಾನಿಸಿದರೆ ಅರ್ಧ ದುಡ್ಡಾದರೂ ಕೈಗೆ ಬರುತ್ತದೆ.

ವರ್ಷ ಮುಗಿದ ಮೇಲೆ ಬಿಟ್ಟರೂ ಗಳಿಸಿದ ಕ್ರೆಡಿಟ್ ಎಬಿಸಿ ಖಾತೆಯಲ್ಲಿ ಏಳು ವರ್ಷದವರೆಗೆ ಇರುತ್ತದೆ. ಬಿಡುವ ಅರ್ಜಿಯನ್ನೂ ಬರೆದೇ ಕೊಡಿ, ಅದರ ಮೇಲೂ ಸೀಲು ಹಾಕಿಸಿಕೊಳ್ಳಿ. ಸುಮ್ನೆ ಹೋಗುವುದನ್ನು ನಿಲ್ಲಿಸಿದರೆ ದಾಖಲೆಯಲ್ಲಿ ನೀವು ಇನ್ನೂ ಅಲ್ಲಿನ ವಿದ್ಯಾರ್ಥಿಯೇ. ಮುಂದೆ ಲಾ ಸೇರುವಾಗ, ಇಲ್ಲವೇ ಮೈಗ್ರೇಷನ್ ಸರ್ಟಿಫಿಕೇಟ್ ಕೇಳುವಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.